ನೀಲಿ ಸ್ವಿಚ್ಚಿನ ಕೀಬೋರ್ಡು

“ಒಂದು ಕೀಬೋರ್ಡ್ ಆರಿಸಾಕ ಇಷ್ಟೊತ್ತು ಬೇಕಂದ್ರ, ಸೊಸಿ ಆರಿಸಾಕ ಎಷ್ಟು ವರ್ಷ ಬೇಕಾದೀತು?”

ಮುನ್ನಿ ಬೀ ಇದನ್ನು ನನಗೂ ಕೇಳಲಿಲ್ಲ, ಅಂಗಡಿ ನಡೆಸುವ ತಮ್ಮ ಮಗ ಶಾಹಿದನಿಗೂ ಕೇಳಲಿಲ್ಲ. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿ ಕೇಳಿ, ಮತ್ತೆ ತಲೆ ತಗ್ಗಿಸಿ ಮೆಂತ್ಯೆ ಸೊಪ್ಪು ಬಿಡಿಸತೊಡಗಿದರು. ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿರುವ ಆ ಕಂಪ್ಯೂಟರ್ ಅಂಗಡಿಯಲ್ಲಿ ಗಿರಾಕಿ ಅಂತ ಇದ್ದವಳು ನಾನೊಬ್ಬಳೇ. ಬಂದು ಒಂದು ತಾಸಾಗಿತ್ತು.

ನಾನು ತಹಶೀಲ್ ಕಚೇರಿಯ ಎದುರಿಗೆ ಕುಳಿತು ಅರ್ಜಿ, ಕರಾರುಪತ್ರ ಟೈಪ್ ಮಾಡುವವಳು. ಹೆಸರು ವಿಶಾಖಾ. ತವರು ಬಸವಕಲ್ಯಾಣ, ಮದುವೆಯಾಗಿ ಬಂದದ್ದು ಹುಮನಾಬಾದಿಗೆ. ಅರ್ಜಿಯ ಕೆಲಸಕ್ಕೆ ನನ್ನ ಹತ್ತಿರ ಕೀಬೋರ್ಡಿಗೆ ಕೊರತೆ ಇರಲಿಲ್ಲ. ಬೇಕಾಗಿದ್ದದ್ದು ಬೇರೆ ಕೆಲಸಕ್ಕೆ. ಆ ಕೆಲಸ ಏನೆಂಬುದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ನಾನು ಅದನ್ನು ಹೇಳಲಿಲ್ಲ.

ಕಲ್ಯಾಣದ ನಮ್ಮ ಓಣಿಯಲ್ಲಿ ಸೋನುಬಾಯಿ ಇದ್ದಾಳೆ. ದೊಡ್ಡವರಿಗೂ ಸಣ್ಣವರಿಗೂ ಅವಳು ಸೋನು ಆಯಿ. ಎಂಬತ್ತು ದಾಟಿದ್ದಾಳೆ, ಕಣ್ಣು ಮಂಜಾಗಿವೆ, ಓದುಬರಹ ಬಾರದು. ಆದರೆ ನಮ್ಮ ಓಣಿಯ ಹೆಜ್ಜೆ ಪದ ಪೂರ್ತಿಯಾಗಿ ಇರುವುದು ಅವಳೊಬ್ಬಳ ಬಾಯಲ್ಲಿ. ನಮ್ಮ ಹಿರಿಯ ಹೆಂಗಸರು ಹುಲಸೂರಿನ ಕಡೆಯಿಂದ ನಡೆದು ಬಂದು ಇಲ್ಲಿ ನೆಲೆ ನಿಂತ ಕಥೆ ಅದು. ನಡೆದ ಒಬ್ಬೊಬ್ಬಳಿಗೂ ಒಂದೊಂದು ನುಡಿ, ನುಡಿಗೆ ನಾಲ್ಕು ಸಾಲು. ಆಮೇಲೆ ಓಣಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಆಯಿ ಅವಳಿಗೊಂದು ನುಡಿ ಕಟ್ಟಿ ಕೊನೆಗೆ ಸೇರಿಸುತ್ತಾಳೆ. ಮಳೆಗಾಲದಲ್ಲಿ, ಬುದ್ಧ ವಿಹಾರದಲ್ಲಿ ಮೂರು ತಿಂಗಳ ವರ್ಷಾವಾಸ ನಡೆಯುವಾಗ, ಎರಡು ಭಾನುವಾರ ಹೆಂಗಸರು ಅವಳ ಮನೆಯಲ್ಲಿ ಕೂಡುತ್ತಾರೆ. ಮೊದಲ ಭಾನುವಾರ ನಡೆದವರ ನುಡಿ, ಎರಡನೆಯ ಭಾನುವಾರ ತೀರಿಕೊಂಡವರ ನುಡಿ.

ನಾನು ಬೆಳೆದದ್ದು ಆ ಪದ ಕೇಳುತ್ತ. ಕೇಳುವುದು ಬಿಟ್ಟರೆ ನನಗೆ ಏನೂ ಬರುತ್ತಿರಲಿಲ್ಲ. ಗಂಟಲು ಸಣ್ಣದು, ವಿಹಾರದಲ್ಲಿ ವಂದನೆ ಹೇಳುವಾಗಲೂ ನನ್ನ ದನಿ ಪಕ್ಕದವರ ದನಿಯ ಕೆಳಗೆ ಹೋಗಿ ಕೂರುತ್ತದೆ.

ಈ ಮಾಘದಲ್ಲಿ ನನ್ನ ಅವ್ವ ಚಂದ್ರಭಾಗಾ ತೀರಿಕೊಂಡಳು. ಆಯಿ ಅವಳಿಗೂ ನುಡಿ ಕಟ್ಟಿದ್ದಾಳೆಂದು ಆಯಿಯ ಸೊಸೆ ಪೂನಂ ಫೋನಿನಲ್ಲಿ ತಿಳಿಸಿದ್ದಳು. ಆದರೆ ಹೊಸ ನುಡಿಯನ್ನು ಎರಡನೆಯ ಭಾನುವಾರಕ್ಕೆ ಮೊದಲು ಆಯಿ ಯಾರಿಗೂ ಹೇಳುವುದಿಲ್ಲ. ಈ ಸಲ ಪದವನ್ನೆಲ್ಲ ಬರೆದು ಸಣ್ಣ ಪುಸ್ತಕ ಮಾಡಬೇಕೆಂದು ವಿಹಾರದ ಕಮಿಟಿಯಲ್ಲಿ ಮಾತು ಬಂದಾಗ, ಯಾವತ್ತೂ ಬಾಯಿ ಬಿಡದ ನಾನು ಎದ್ದು ನಿಂತು “ಟೈಪ್ ನಾ ಮಾಡ್ತೀನ್ರಿ” ಅಂದೆ. ಮೊಬೈಲಿನಲ್ಲಿ ದನಿ ತುಂಬಿಕೊಳ್ಳಲು ಆಯಿ ಬಿಡುವುದಿಲ್ಲ. ಹೋದ ವರ್ಷ ಯಾರೋ ಕದ್ದು ತುಂಬಿಕೊಂಡು ಅದಕ್ಕೆ ಡಿಜೆ ಕೂಡಿಸಿ ಮದುವೆಯ ಮೆರವಣಿಗೆಯಲ್ಲಿ ಬಾರಿಸಿದ್ದರು. ಹಾಗಾಗಿ ಅವಳು ಹೇಳುತ್ತಿದ್ದಂತೆ ಎದುರು ಕುಳಿತು ಟೈಪ್ ಮಾಡುವುದೊಂದೇ ದಾರಿ.

ಮೊದಲ ಭಾನುವಾರ ನನ್ನ ಹಳೆಯ ಲ್ಯಾಪ್‌ಟಾಪ್ ಒಯ್ದೆ. ಅದರ ಬ್ಯಾಟರಿ ಸತ್ತಿದೆ, ವೈರು ಚುಚ್ಚಿಯೇ ಇರಬೇಕು. ಆಯಿಯ ಮನೆಯಲ್ಲಿ ಪ್ಲಗ್ ಇರುವುದು ಬಾಗಿಲ ಹತ್ತಿರ. ಅವಳನ್ನೇ ಬಾಗಿಲಿಗೆ ಕರೆತಂದು ಕೂರಿಸಿದೆವು. ಇರಚಲು ಹೊಡೆದು ವಾರವಿಡೀ ಕೆಮ್ಮಿದಳು. ಮೇಲಾಗಿ ಲ್ಯಾಪ್‌ಟಾಪಿನ ಎರಡು ಗುಂಡಿ ಕೈಕೊಟ್ಟವು. ಈ ಸಲ ಆಯಿ ಒಳಗೆ ತನ್ನ ಕಂಬದ ಬುಡದಲ್ಲೇ ಕೂರಬೇಕು, ನಾನು ಅವಳ ಎದುರು ಕೂರಬೇಕು, ಲ್ಯಾಪ್‌ಟಾಪ್ ಬಾಗಿಲಲ್ಲಿ ಇರಬೇಕು. ಅದಕ್ಕೇ ವೈರಿಲ್ಲದ ಕೀಬೋರ್ಡು.

ಶಾಹಿದ್ ಮೂರು ಡಬ್ಬಿ ಬಿಚ್ಚಿ ಇಟ್ಟಿದ್ದ. ನನ್ನ ಲ್ಯಾಪ್‌ಟಾಪಿನ ಬ್ಲೂಟೂತ್ ನೆಚ್ಚಲು ಬರುವುದಿಲ್ಲ, ಲ್ಯಾಪ್‌ಟಾಪಿಗೆ ಚುಚ್ಚುವ ಉಗುರಿನಷ್ಟು ಡಾಂಗಲ್ ಬರುವಂಥದ್ದೇ ಇರಲಿ ಅಂದ. ಬಸ್ಸಿನಲ್ಲಿ ಒಯ್ಯುವುದಾದರೆ ಬಲಗಡೆಯ ಅಂಕಿಗಳಿಲ್ಲದ ಗಿಡ್ಡ ಸೈಜು ಒಳ್ಳೆಯದು ಅಂದ. ಚಾರ್ಜು ವಾರಗಟ್ಟಲೆ ಬರುತ್ತದೆ, ಬೆಳಕು ಆರಿಸಿ ಇಟ್ಟರೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಎಲ್ಲಕ್ಕೂ ನಾನು ತಲೆಯಾಡಿಸಿದೆ. ಆಮೇಲೆ ಅವನು ಅಂಗೈಯಗಲದ ಒಂದು ಹಲಗೆ ತೆಗೆದ. ಅದರಲ್ಲಿ ಮೂರು ಗುಂಡಿ, ಒಳಗಿನ ಸ್ವಿಚ್ಚು ಕೆಂಪು, ಕಂದು, ನೀಲಿ.

“ಕೆಂಪು ಒತ್ರಿ. ಬೆಣ್ಣಿಯೊಳಗ ಬೆರಳು ಇಟ್ಟಂಗ ಹೋಗ್ತದ. ಕಂದು ಜರಾ ತಡೀತದ, ಅವಾಜ್ ಕಮ್ಮಿ. ನೀಲಿ ಮಾತ್ರ ಕೇಳಬ್ಯಾಡ್ರಿ, ಅಕ್ಕೋರೆ.”

ನಾನು ನೀಲಿ ಒತ್ತಿದೆ. ಠಕ್.

“ಯಾ ಅಲ್ಲಾ,” ಅಂದರು ಮುನ್ನಿ ಬೀ. “ನಮ್ಮ ಅತ್ತಿ ಅಡಿಕಿ ಕತ್ತರಿಸಿದಂಗ ಆಗ್ತದ. ಮೂವತ್ತು ವರ್ಷ ಕೇಳೀನಿ, ಇನ್ನ ಸಾಕು.”

ಮತ್ತೊಮ್ಮೆ ಒತ್ತಿದೆ. ಇನ್ನೊಮ್ಮೆ. ಇಪ್ಪತ್ತು ವರ್ಷದ ಹಿಂದೆ ಹುಮನಾಬಾದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ಮಶೀನು ಒಟ್ಟಿಗೆ ಬಡಿಯುತ್ತಿದ್ದವು. ಮೇಷ್ಟ್ರು ಅತ್ತ ಮುಖ ಮಾಡಿ ನಿಂತು “ಇದು ವಿಶಾಖಾ ಮಶೀನು” ಎಂದು ಗುರುತು ಹಿಡಿಯುತ್ತಿದ್ದರು. ಸೀನಿಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಬಂದದ್ದು ನನಗೊಬ್ಬಳಿಗೆ. ಬಾಯಲ್ಲಿ ದನಿ ಇಲ್ಲದವಳಿಗೆ ಬೆರಳಲ್ಲಿ ದನಿ ಇತ್ತು. ಕಂಪ್ಯೂಟರ್ ಬಂದ ಮೇಲೆ ಅದು ಹೋಯಿತು. ಈಗ ಒಂದು ನೀಲಿ ಗುಂಡಿಯ ಕೆಳಗೆ ತಿರುಗಿ ಸಿಕ್ಕಿತು. ಭಾನುವಾರ ಓಣಿಯ ಹೆಂಗಸರೆಲ್ಲ ಸುತ್ತ ಕುಳಿತಿರುತ್ತಾರೆ, ನಡುವೆ ನಾನು ಹೀಗೆ ಬಡಿಯುತ್ತಿರುತ್ತೇನೆ ಎಂಬ ಚಿತ್ರ ಕಣ್ಣ ಮುಂದೆ ಬಂದು ನಿಂತಿತು. ಆ ಚಿತ್ರದಲ್ಲಿ ಆಯಿ ಎಲ್ಲಿದ್ದಳು ಎಂದು ನಾನು ನೋಡಲಿಲ್ಲ.

ಶಾಹಿದ್ ಒಳ್ಳೆಯವನು. ಮಾರಿದರೆ ಸಾಕು ಅನ್ನುವವನಲ್ಲ.

“ಒಂದು ಖರೇ ಮಾತು ಹೇಳ್ರಿ. ಎಲ್ಲಿ ಕುಂತು ಬಡೀತೀರಿ ಇದನ್ನ? ಮಂದಿ ನಡುವ ಏನು? ಯಾರರೆ ಮಾತಾಡಾಕತ್ತಾಗ ಬರ್ಕೊಳ್ಳಾಕಾದ್ರ ಕೆಂಪು ತಗೋರಿ. ಕಣ್ಣು ಮುಚ್ಚಿ ತಗೋರಿ.”

“ಇಲ್ಲಪ್ಪ,” ಅಂದೆ. “ಮನ್ಯಾಗ, ನಾ ಒಬ್ಬಾಕಿನೇ ಇರ್ತೀನಿ.”

“ಹಂಗಾದ್ರ ನಿಮ್ಮ ಪಸಂದ್. ಬ್ಯಾಡಾದ್ರ ತರ್ರಿ, ಸ್ವಿಚ್ ಕಿತ್ತು ಬ್ಯಾರೆ ಹಾಕಿಕೊಡ್ತೀನಿ. ಹತ್ತು ಮಿನಿಟಿನ ಕೆಲಸ.”

ಹತ್ತು ಮಿನಿಟಿನ ಕೆಲಸಕ್ಕೆ ನಾನು ಅಲ್ಲೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ನೀಲಿಯದನ್ನೇ ಕಟ್ಟಿಸಿಕೊಂಡು ಹೊರಟೆ.

ಮರುದಿನ, ಎರಡನೆಯ ಭಾನುವಾರ ಬೆಳಿಗ್ಗೆ, ಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದು, ಆಟೋ ಹಿಡಿದು, ಮೊದಲು ವಿಹಾರಕ್ಕೆ ಹೋದೆ. ಎಲ್ಲರ ಜೊತೆ ಪಂಚಶೀಲ ಹೇಳಿದೆ. ನಾಲ್ಕನೆಯದು ಬಂದಾಗ, ಸುಳ್ಳಾಡುವುದಿಲ್ಲ ಅನ್ನುವಲ್ಲಿ, ನನ್ನ ದನಿ ಪಕ್ಕದವರ ದನಿಯ ಕೆಳಗೆ ಹೋಗಿ ಕೂತಿತು. ಯಾರಿಗೂ ತಿಳಿಯಲಿಲ್ಲ. ಚೀಲದಲ್ಲಿ ಕೀಬೋರ್ಡು ಇತ್ತು.

ಆಯಿಯ ಮನೆಯಲ್ಲಿ ಹನ್ನೆರಡು ಹದಿಮೂರು ಹೆಂಗಸರು ಸೇರಿದ್ದರು. ಎದುರು ಮನೆಯ ವಜೀರಬಿ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಕಂಬಕ್ಕೆ ಹತ್ತಿರದ ಜಾಗ ಹಿಡಿದಿದ್ದರು. ಹೆಜ್ಜೆ ಪದ ಅರವತ್ತು ವರ್ಷದಿಂದ ಕೇಳುತ್ತಿರುವವರು. ನಾನು ಲ್ಯಾಪ್‌ಟಾಪನ್ನು ಬಾಗಿಲ ಹತ್ತಿರ ಸ್ಟೂಲಿನ ಮೇಲಿಟ್ಟು, ಕೀಬೋರ್ಡು ತೆಗೆದು ಆಯಿಯ ಎದುರು ಹಾಸುಗಲ್ಲಿನ ಮೇಲೆ ಇಟ್ಟು ಕುಳಿತೆ.

“ವೈರೇ ಇಲ್ಲಲ್ಲ ಇದಕ್ಕ!” ಅಂದಳು ಪೂನಂ.

“ನಿನ್ನ ಗಂಡಗೂ ವೈರಿಲ್ಲ, ಆದ್ರೂ ನೀ ಕರದ್ರ ಓಡಿ ಬರ್ತಾನಲ್ಲ,” ಅಂದರು ವಜೀರಬಿ. ಎಲ್ಲರೂ ನಕ್ಕರು. ಆಯಿಯೂ ನಕ್ಕಳು, ಕಣ್ಣು ಮುಚ್ಚಿಕೊಂಡಳು. ಪದ ಹೇಳುವಾಗ ಅವಳು ಕಣ್ಣು ತೆರೆಯುವುದಿಲ್ಲ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಕೇಳುತ್ತ ಕುಳಿತವಳಿಗೆ ಯಾವುದೋ ನುಡಿ ತಡೆಯದಾದರೆ, ತನ್ನ ಮಗಳದೋ ಅಕ್ಕನದೋ ನುಡಿ ಬಂದು ಒಳಗಿನದೆಲ್ಲ ಉಕ್ಕಿ ಬಂದರೆ, ಅವಳು ಹಾಸುಗಲ್ಲಿನ ಮೇಲೆ ಬೆರಳಿನಿಂದ ಎರಡು ಸಲ ಬಡಿಯುತ್ತಾಳೆ. ಆಯಿ ಅಲ್ಲಿಗೇ ಆ ನುಡಿ ಮುಚ್ಚಿ ಮುಂದಿನದಕ್ಕೆ ಹೋಗುತ್ತಾಳೆ. ಯಾರು ಬಡಿದರು, ಯಾಕೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ಬಡಿದವಳಿಗೆ ಆ ನುಡಿಯನ್ನು ಮತ್ತೆ ಯಾವತ್ತೂ ಕೇಳಿಸುವುದಿಲ್ಲ. ನನ್ನ ಅವ್ವ ತನ್ನ ಸಣ್ಣ ತಂಗಿಯ ನುಡಿಗೆ ಒಮ್ಮೆ ಬಡಿದಿದ್ದಳು. ಆಮೇಲೆ ಅವ್ವ ಸಾಯುವವರೆಗೂ, ಅವ್ವ ಕುಳಿತ ಕಡೆ ಆ ನುಡಿ ಬರಲೇ ಇಲ್ಲ. ಅವ್ವ ಊರಲ್ಲಿ ಇಲ್ಲದ ಒಂದು ವರ್ಷ ನಾನು ಅದನ್ನು ಕೇಳಿದ್ದೆ. ಕೇಳಿ, ಅವ್ವನಿಗೆ ಹೇಳಿರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಆಯಿ ಶುರು ಮಾಡಿದಳು. ಎರಡು ಸಾಲು ಹೇಳಿ, ಒಂದು ಉಸಿರು ತೆಗೆದುಕೊಂಡು, ಮತ್ತೆರಡು ಸಾಲು ಹೇಳುವುದು ಅವಳ ಕ್ರಮ. ನಾನು ಎರಡು ಸಾಲು ಟೈಪ್ ಮಾಡಿ, ಪುಸ್ತಕದಲ್ಲಿ ನಡುವೆ ಜಾಗ ಬಿಟ್ಟಂತೆ ಚೆಂದ ಕಾಣಲಿ ಎಂದು ಎಂಟರ್ ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದೆ. ಅದು ದೊಡ್ಡ ಗುಂಡಿ. ಉಳಿದವು ಚಿಟಿಚಿಟಿ ಅಂದರೆ ಅದು ಠಕ್ ಅನ್ನುತ್ತದೆ. ಕೆಳಗೆ ಹಾಸುಗಲ್ಲು. ಠಕ್, ಠಕ್.

ಆಯಿ ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಮುಂದಿನ ಹೆಂಗಸಿನ ನುಡಿ ಎತ್ತಿಕೊಂಡಳು.

ಮೊದಲ ಭಾನುವಾರ ನಾಲ್ಕು ಸಾಲು ಬಂದಿದ್ದ ಪದ ಇಂದು ಎರಡೆರಡೇ ಸಾಲು ಬರುತ್ತಿದೆ ಎಂಬುದು ನನಗೆ ಮೂರನೆಯ ನುಡಿಯಲ್ಲೇ ಗೊತ್ತಾಯಿತು. ಕೆಮ್ಮಿನಿಂದ ಎದ್ದಿದ್ದಾಳೆ, ವಯಸ್ಸಾಯಿತು, ಮರೆವು ಬಂದಿದೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಕಚೇರಿಯ ಕಾಗದದಲ್ಲಿ ಹರಿದ ಜಾಗ ಬಂದರೆ ಹಾಗೆಂದು ಕಂಸದಲ್ಲಿ ಬರೆಯುವುದು ನನ್ನ ಕಸುಬಿನ ರೂಢಿ. ಅದನ್ನೇ ಇಲ್ಲಿಯೂ ಮಾಡಿದೆ. ಹಿಂದಿನ ಎರಡನ್ನೂ ಬಿಡದೆ ಪ್ರತಿ ನುಡಿಯ ಕೆಳಗೂ ಬರೆದೆ: (ಮುಂದಿನ ಎರಡು ಸಾಲು ಹೇಳುವವರಿಗೆ ಮರೆತಿದೆ.) ಮುಂದಿನ ನುಡಿ, ಮತ್ತೆ ಎರಡು ಸಲ ಎಂಟರ್. ಬೆರಳು ಕುಣಿಯುತ್ತಿದ್ದವು. ಹೆಂಗಸರು ನನ್ನ ಕೈ ಕಡೆ ನೋಡುತ್ತಿದ್ದರು. ಬೆರಗಿನಿಂದ ನೋಡುತ್ತಿದ್ದಾರೆ ಎಂದೇ ನಾನು ತಿಳಿದದ್ದು.

ಎಲ್ಲಕ್ಕೂ ಕೊನೆಗೆ ಅವ್ವ ಬಂದಳು.

*ಕೌದೀಯ ಹೊಲಿದಾಳ ಚಂದ್ರಭಾಗಾ ನಮ್ಮಕ್ಕ*
*ಓಣೀಯ ಚಳಿಯೆಲ್ಲ ಕಳೆದಾಳ*

ಕಣ್ಣು ತುಂಬಿ ಬಂದವು. ಆದರೂ ಬೆರಳು ನಿಲ್ಲಲಿಲ್ಲ. ನಿಲ್ಲದ ಬೆರಳಿನ ಮೇಲೆ ನನಗೆ ಹೆಮ್ಮೆಯೂ ಆಯಿತು. ಚಂದ್ರಭಾಗಾ ಎಂದು ಟೈಪ್ ಮಾಡಿದೆ, ಕಳೆದಾಳ ಎಂದು ಟೈಪ್ ಮಾಡಿದೆ. ಠಕ್, ಠಕ್.

ಆಯಿ ಕಣ್ಣು ತೆರೆದಳು. ನನ್ನ ಕಡೆ ಮುಖ ತಿರುಗಿಸಿದಳು. “ಆಯ್ತು,” ಅಂದಳು. ಪದ ಮುಗಿಯಿತು.

ಪೂನಂ ಚಹಾ ತಂದಳು. ಅವಳು ಪಿಯುಸಿ ಓದಿದವಳು. “ನೋಡೂಣು, ಹ್ಯಾಂಗ ಬಂದದ” ಎಂದು ಲ್ಯಾಪ್‌ಟಾಪಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳಲಿ ಎಂದು ಮೊದಲ ನುಡಿಯಿಂದ ಗಟ್ಟಿಯಾಗಿ ಓದತೊಡಗಿದಳು. ಬೇಡ ಅನ್ನಲು ನಾನು ಎದ್ದೆ. ಅಷ್ಟರಲ್ಲಿ ಅವಳು ಕಂಸಕ್ಕೆ ಬಂದಿದ್ದಳು.

“ಮುಂದಿನ ಎರಡು ಸಾಲು ಹೇಳುವವರಿಗೆ ಮರೆತಿದೆ.”

ಓದಿದ ರಭಸಕ್ಕೆ ಅವಳು ಎರಡನೆಯ ನುಡಿಯನ್ನೂ ಅದರ ಕೆಳಗಿನದನ್ನೂ ಓದಿಬಿಟ್ಟಳು. “ಮುಂದಿನ ಎರಡು ಸಾಲು...” ಅಲ್ಲಿಗೆ ನಿಂತಳು.

ಮೊದಲು ಮಾತಾಡಿದವರು ವಜೀರಬಿ.

“ಯಾರಿಗಿ ಮರ್ತದ? ಸೋನುಗ? ಆಕಿ ಮರೀತಾಳೇನ? ನನ್ನ ನಿಕಾಹ್ ಯಾವ ವಾರ ಆಗ್ಯದ ಅಂತ ನನಗ ನೆನಪಿಲ್ಲ, ಆಕಿಗಿ ಅದ.”

“ಮತ್ತ ಎರಡೆರಡ ಸಾಲ ಯಾಕ ಹೇಳಿದ್ರಿ ಅತ್ತಿ?” ಎಂದು ಪೂನಂ ಕೇಳಿದಳು.

ಆಯಿ ಚಹಾ ಬಸಿಗೆ ಸುರಿದು, ಊದಿ, ಒಂದು ಗುಟುಕು ಕುಡಿದಳು.

“ವಿಶಾಖಾ ಬಡಿಯಾಕತ್ತಿದ್ಳಲ್ಲ,” ಅಂದಳು. “ಪ್ರತಿ ನುಡಿಗೂ ಬಡಿದ್ಳು. ಅವ್ವ ಹೋಗಿ ವರ್ಷ ಆಗಿಲ್ಲ, ಯಾವ ಸಾವೂ ತಡ್ಕೊಳ್ಳಾಕ ಆಗವಲ್ದು ಹುಡುಗಿಗಿ ಅಂತ ತಿಳ್ಕೊಂಡ್ನಿ. ನಾ ಮುಚ್ಚಕೋತ ಹೋದ್ನಿ.”

ಕಾಲ ಕೆಳಗಿನ ಕಲ್ಲು ತಣ್ಣಗಿತ್ತು. ಬೇರೆ ಎಲ್ಲ ಕಡೆ ನನಗೆ ಬೆಂಕಿ ಇಟ್ಟಂತಾಗಿತ್ತು. ಹೆಂಗಸರು ನನ್ನ ಕೈ ಕಡೆ ನೋಡಿದ್ದು ಯಾಕೆಂದು ಆಗ ತಿಳಿಯಿತು. ಬಡಿದವಳ ಕಡೆ ತಿರುಗಿ ನೋಡಬಾರದೆಂಬ ರೀತಿಯನ್ನೂ ಮೀರಿ ನೋಡಿದ್ದರು, ಯಾಕೆಂದರೆ ಹಿಂದೆ ಯಾರೂ ಅಷ್ಟು ಸಲ ಬಡಿದದ್ದಿಲ್ಲ. ಆಯಿ ನನ್ನ ದುಃಖಕ್ಕೆ ಮರ್ಯಾದೆ ಕೊಟ್ಟು ಒಂದೊಂದೇ ನುಡಿ ಮುಚ್ಚುತ್ತಿದ್ದಾಗ, ನಾನು ಅವಳೆದುರೇ ಕುಳಿತು ಅವಳಿಗೆ ಮರೆವು ಎಂದು ಬರೆಯುತ್ತಿದ್ದೆ.

“ಆಯಿ, ಅದು ನಾ ಬಡಿದಿದ್ದಲ್ಲ,” ಅಂದೆ. “ಇದರ ಸಪ್ಪಳ. ಈ ಯಂತ್ರದ್ದು.”

“ಯಂತ್ರದ್ದೇ ಇರಲಿ. ಬೆರಳು ಯಾರವು?”

ನಾನು ಕೀಬೋರ್ಡನ್ನು ಕಲ್ಲಿನ ಮೇಲಿಂದ ಎತ್ತಿಕೊಂಡು ಅಲ್ಲೇ ಕುಳಿತೆ.

“ಹೋದ ವಾರ ಸಪ್ಪಳ ಇದ್ದಿಲ್ಲಲ್ಲ,” ಅಂದಳು ಪೂನಂ, ಮೆತ್ತಗೆ. “ಎಲ್ಲಾ ಹಿಂಗೇ ಸಪ್ಪಳ ಮಾಡ್ತಾವೇನು ವಿಶಕ್ಕ, ವೈರಿಲ್ಲದ್ದು?”

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ಎಲ್ಲರೂ ನಂಬುತ್ತಿದ್ದರು. ಅಂಗಡಿಯವನು ಮೋಸ ಮಾಡಿದ ಎಂದರೆ ಇನ್ನೂ ಹಗುರಾಗುತ್ತಿತ್ತು. ಬೆಳಿಗ್ಗೆ ನುಂಗಿದ ನಾಲ್ಕನೆಯ ಶೀಲ ಇನ್ನೂ ಗಂಟಲಲ್ಲೇ ಇತ್ತು.

“ಇಲ್ಲ,” ಅಂದೆ. “ಸಪ್ಪಳ ಇಲ್ಲದ್ದೂ ಇತ್ತು. ಅಂಗಡಿಯವ ಅದೇ ತಗೋ ಅಂದ. ನಾ ಒಬ್ಬಾಕಿನೇ ಕುಂದರ್ತೀನಿ ಅಂತ ಅವಗ ಸುಳ್ಳು ಹೇಳಿ ಇದನ್ನ ತಂದ್ನಿ. ಇದರ ಸಪ್ಪಳ ನನಗ ಬೇಕಾಗಿತ್ತು.”

“ಯಾಕ?” ಅಂದಳು ಆಯಿ.

“ನೀವೆಲ್ಲ ಕೇಳ್ಳಿ ಅಂತ.”

ವಜೀರಬಿ ನನ್ನ ಮಂಡಿಯ ಮೇಲೆ ಕೈ ಇಟ್ಟರು. ಏನಾದರೂ ಚೇಷ್ಟೆಯ ಮಾತು ಆಡಿ ನನ್ನನ್ನು ಉಳಿಸಲೆಂದು ಬಾಯಿ ತೆರೆದವರು, ಆಯಿಯ ಮುಖ ನೋಡಿ ಮುಚ್ಚಿಕೊಂಡರು.

ನಾನು ಬಾಗಿಲಿಗೆ ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ಆ ಕಂಸಗಳನ್ನು ಒಂದೊಂದಾಗಿ ಅಳಿಸಿದೆ. ಲ್ಯಾಪ್‌ಟಾಪಿನ ಗುಂಡಿಯಲ್ಲೇ ಅಳಿಸಿದೆ. ಅಳಿಸುವ ಗುಂಡಿ ಅದರಲ್ಲಿ ಇನ್ನೂ ಕೆಲಸ ಮಾಡುತ್ತಿತ್ತು. ಇಪ್ಪತ್ತಮೂರು ಇದ್ದವು. ಅಳಿಸಿದ ಮೇಲೆ ಪ್ರತಿ ನುಡಿಯ ಕೆಳಗೂ ಖಾಲಿ ಜಾಗ ಉಳಿಯಿತು. ಅವ್ವನ ನುಡಿಯ ಕೆಳಗೂ.

ತಿರುಗಿ ಬಂದು ಆಯಿಯ ಎದುರು ಕುಳಿತು ಅವಳ ಕಾಲು ಹಿಡಿದೆ.

“ತಪ್ಪಾಯ್ತು ಆಯಿ. ಉಳದದ್ದು ಹೋಗ್ಲಿ. ಅವ್ವಂದೊಂದೇ ಹೇಳು. ಪೆನ್ನಿಲೆ ಬರ್ಕೋತೀನಿ.”

“ಬಡಿದಾಕಿಗಿ ಎರಡನೇ ಸಲ ಹೇಳಿದ್ದು ಎಂದಾದ್ರೂ ಕೇಳೀಯೇನ? ನಿನ್ನವ್ವಗ ಹೇಳೀನೇನ, ಅಕಿ ತಂಗೀದು? ಎಷ್ಟ ಅತ್ತಾಳ ಅಕಿ, ನನ್ನ ಕಾಲಾಗ ಬಿದ್ದು.”

ಅವ್ವ ಅತ್ತದ್ದು ನನಗೆ ಗೊತ್ತಿರಲಿಲ್ಲ. ಬಡಿದದ್ದಕ್ಕೆ ಅವ್ವ ಪಶ್ಚಾತ್ತಾಪ ಪಟ್ಟಿದ್ದಳು. ನಾನೋ, ಅದೇ ನುಡಿಯನ್ನು ಪೂರ್ತಿ ಕೇಳಿ ಬಂದು, ಅವಳ ಪಕ್ಕದಲ್ಲಿ ಕುಳಿತು ಊಟ ಮಾಡಿದ್ದೆ.

“ಅತ್ತಿ,” ಅಂದಳು ಪೂನಂ, “ಪುಸ್ತಕ ಆಗೂದದ. ಆಕಿ ಬ್ಯಾರೆ ಅಲ್ಲ, ನಮ್ಮ ಓಣಿ ಹುಡುಗಿ.”

ಪೂನಂ ಮಾತಿನಿಂದ ನನಗೆ ಒಂದು ದಾರಿ ಹೊಳೆಯಿತು. ನಾಚಿಕೆಯಾದವಳಿಗೆ ದಾರಿ ಹೊಳೆಯಬಾರದಿತ್ತೋ ಏನೋ.

“ನಾ ಹೊರಗ ಹೋಗ್ತೀನಿ ಆಯಿ. ಬಸ್ಟ್ಯಾಂಡ್ ತನಕ ಹೋಗಿ ಕುಂದರ್ತೀನಿ. ನೀ ಪೂನಂಗ ಹೇಳು, ಆಕಿ ಬರ್ಕೋಲಿ. ನನ್ನ ಕಿವಿಗಿ ಬೀಳಂಗಿಲ್ಲ.”

“ಬರ್ಕೊಂಡದ್ದು ಪುಸ್ತಕದಾಗ ಬರ್ತದ. ನೀ ಓದ್ತಿ.”

“ಓದಂಗಿಲ್ಲ.”

“ಓದ್ತಿ,” ಅಂದಳು. ಬೈದಂತೆ ಹೇಳಲಿಲ್ಲ. ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು, ಬಸಿಯನ್ನು ನನ್ನ ಕೈಗೆ ಕೊಟ್ಟಳು, ಸಣ್ಣವಳಿದ್ದಾಗ ತೊಳೆಯಲು ಕೊಡುತ್ತಿದ್ದ ಹಾಗೆ.

“ಒಂದೇ ಒಂದು ಸಾಲರೆ ಹೇಳು ಆಯಿ. ಅವ್ವನ ಬಗ್ಗೆ ಏನಂದಿ ಅಂತ ತಿಳಿದ್ರ ಸಾಕು.”

“ಇಲ್ಲ,” ಅಂದಳು ಸೋನು ಆಯಿ. “ನಿನಗ ಹೇಳಂಗಿಲ್ಲ.”